ಜ್ವಾಲಾಮುಖಿ ಬೆಟ್ಟ ಹುಟ್ಟುವ ಬಗೆ

ರೈತನೊಬ್ಬನ ಕಣ್ಣೆದುರಿಗೇ ಅವನ ಹೊಲದಲ್ಲಿ ಬೆಟ್ಟವೊಂದು ಹುಟ್ಟಿದ್ದುಂಟು. ಮೆಕ್ಸಿಕೊ ದೇಶದ ಪರಿಕುಟಿನ್ ಗ್ರಾಮದ ಬಳಿ 1943ರ ಫೆಬ್ರುವರಿ 20ರಂದು ಡಿಯೊನಿಸಿಯೊ ಪುಲಿಡೊ ಎಂಬ ರೈತನ ಮುಸುಕಿನ ಜೋಳದ ಹೊಲ ಬಿರುಕು ಬಿಟ್ಟು, ಹೊಗೆ, ಬೂದಿ, ಕಾದ ಕಲ್ಲುಗಳು ಚಿಮ್ಮತೊಡಗಿದವು. ವರ್ಷ ತುಂಬುವುದರೊಳಗೆ ಅಲ್ಲಿ 300 ಮೀಟರಿಗೂ ಎತ್ತರದ ಗುಡ್ಡ ನಿಂತಿತು. 1952ರಲ್ಲಿ ಅದು ತಣ್ಣಗಾದಾಗ ಎತ್ತರ 424 ಮೀಟರ್. ಅಷ್ಟರಲ್ಲಿ ಎರಡು ಊರುಗಳು ಹೂತುಹೋಗಿದ್ದವು.

ಇದಕ್ಕೆ ಕಾರಣವೇನು? ಮೆಕ್ಸಿಕೊದ ಪಶ್ಚಿಮ ಕರಾವಳಿಯಲ್ಲಿ ಸಮುದ್ರತಳದ ಶಿಲಾಫಲಕವೊಂದು ಭೂಖಂಡದ ಅಡಿಗೆ ನುಸುಳುತ್ತಿದೆ. ಅದರೊಡನೆ ಆಳಕ್ಕೆ ಹೋದ ನೀರು ಬಿಸಿಬಂಡೆಯನ್ನು ಸೇರಿದಾಗ ಬಂಡೆ ಸುಲಭವಾಗಿ ಕರಗುತ್ತದೆ. ಹೀಗಾದ ಶಿಲಾರಸವು ಸುತ್ತಲಿನ ಬಂಡೆಗಿಂತ ಹಗುರವಾದುದರಿಂದ ಮೇಲೇರುತ್ತದೆ. ಮೇಲೆ ಬಂದಂತೆ ಒತ್ತಡ ಕಡಿಮೆಯಾಗಿ, ಸೋಡಾ ಬಾಟಲಿ ತೆರೆದಾಗ ಆಗುವಂತೆ ಅನಿಲಗಳು ಉಕ್ಕಿ ಶಿಲಾರಸವನ್ನು ಚೂರುಚೂರಾಗಿ ಎರಚುತ್ತವೆ. ಚೂರುಗಳು ಬಾಯಿಯ ಸುತ್ತ ಬಿದ್ದು, ಕಣದಲ್ಲಿ ಸುರಿದ ಕಾಳಿನ ರಾಶಿಯಂತೆ ಶಂಕುವಿನಾಕಾರದ ಗುಡ್ಡವಾಗುತ್ತದೆ.

ಎಲ್ಲ ಶಿಲಾರಸವೂ ಗುಡ್ಡ ಕಟ್ಟುವುದಿಲ್ಲ. ತೆಳುವಾದದ್ದು ನೆಲದ ಉದ್ದನೆಯ ಬಿರುಕುಗಳಿಂದ ಹೊರಬಂದು, ನೀರುಬೆಲ್ಲದಂತೆ ದೂರದೂರ ಹರಿದು ಹಾಸಾಗುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಆದದ್ದು ಹೀಗೆಯೇ. ಹಾಸಿನ ಮೇಲೆ ಹಾಸು ಕೂತು ಕಪ್ಪು ಬಸಾಲ್ಟ್ ಶಿಲೆಯಾಯಿತು. ಮಳೆ, ತೊರೆಗಳು ಕೊರೆದ ಕಡೆ ಮೆಟ್ಟಿಲು ಮೆಟ್ಟಿಲಾಗಿ, ಚಪ್ಪಟೆ ತಲೆಯ ಗುಡ್ಡಗಳು ಉಳಿದಿವೆ. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಲವು ಭಾಗಗಳ ತಳದಲ್ಲಿರುವುದು ಈ ಶಿಲೆಯೇ. ಅಲ್ಲಿನ ಎರೆ ಭೂಮಿ ಬಹುಮಟ್ಟಿಗೆ ಇದೇ ಶಿಲೆ ಶಿಥಿಲಗೊಂಡು ಆದದ್ದು. ಆದರೆ ಎರೆ ಮಣ್ಣೆಲ್ಲವೂ ಬಸಾಲ್ಟಿನಿಂದಲೇ ಬಂದುದಲ್ಲ. ಬೇರೆ ಶಿಲೆಗಳಿಂದಲೂ ಅದು ಆಗುವುದುಂಟು.

ರೈತರು ಗಮನಿಸಬೇಕಾದ ಅಂಶವೊಂದಿದೆ. ಬೆಟ್ಟವಾಗಲು ಒಂದು ವರ್ಷ ಸಾಕಾಯಿತು. ಆದರೆ ಪರಿಕುಟಿನ್‌ನಲ್ಲಿ ಲಾವಾ ಹರಿದ ನೆಲದ ಬಹುಭಾಗ ಎಂಬತ್ತು ವರ್ಷ ಕಳೆದರೂ ಇನ್ನೂ ಕಪ್ಪು ಬಂಡೆಯ ಹಾಸಾಗಿಯೇ ಇದೆ. ಅಲ್ಲಿ ನೇಗಿಲು ಇಳಿಯದು. ಕಲ್ಲು ಮಣ್ಣಾಗಲು ಸಾವಿರಾರು ವರ್ಷ ಬೇಕು, ಆ ಮಣ್ಣು ಕೊಚ್ಚಿ ಹೋಗಲು ಒಂದು ಬಿರುಸಾದ ಮಳೆ ಸಾಕು. ಆದಕಾರಣ ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬಿತ್ತನೆ ಮಾಡಿರಿ. ಮುಂಗಾರಿಗೆ ಮೊದಲೇ ಬದುಗಳನ್ನು ದುರಸ್ತಿ ಮಾಡಿಕೊಳ್ಳಿರಿ.