ಲಿಪಿ ಹತ್ತಿರ, ನುಡಿ ದೂರ

ಮಗಳೇ, ಸಂಸ್ಕೃತ ಎಂ.ಎ. ಮುಗಿಸಿ ಖ್ಮೇರ್ ಕಲಿಯಲು ಫ್ನೋಮ್ ಪೆನ್‌ನ ರಾಯಲ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೀಯ. ಕಾಂಬೋಡಿಯದ ಶಾಸನಗಳನ್ನು ಓದಬೇಕೆಂಬ ನಿನ್ನ ಆಸೆ ಒಳ್ಳೆಯದೇ. ಹೊರಡುವ ಮುನ್ನ ಒಂದು ಮಾತು ಕೇಳು: ಕಲಿತ ಸಂಸ್ಕೃತವನ್ನು ಅತಿಯಾಗಿ ನಂಬಬೇಡ.

ಮೊದಲ ವಾರ ಎಲ್ಲವೂ ಸಲೀಸು ಅನ್ನಿಸುತ್ತದೆ. ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ಕ-ವರ್ಗ, ಚ-ವರ್ಗದ ಸಾಲು ನಮ್ಮದೇ; ಒತ್ತಕ್ಷರವೂ ಉಂಟು. ಭಿಕ್ಷು ಚುಆನ್ ನಾತರ ಪ್ರಸಿದ್ಧ ನಿಘಂಟಿನಲ್ಲಿ ಪದ ಹುಡುಕಲು ಯಾರೂ ಹೇಳಿಕೊಡಬೇಕಿಲ್ಲ. ತೊಡಕು ಶುರುವಾಗುವುದು ಬಾಯಿ ಬಿಟ್ಟಾಗ. ಕ, ಗ ಎರಡೂ ಈಗ ಕಕಾರವೇ. ವ್ಯತ್ಯಾಸ ಮುಂದಿನ ಸ್ವರಕ್ಕೆ ಜಾರಿದೆ. ಒಂದೇ ದೀರ್ಘದ ಗುರುತು ಕಕಾರಕ್ಕೆ ಹತ್ತಿದರೆ ‘ಕಾ’, ಗಕಾರಕ್ಕೆ ಹತ್ತಿದರೆ ಹೆಚ್ಚುಕಡಿಮೆ ‘ಕಿಯ’. ಸಂಸ್ಕೃತ ಪದ ಕಂಡೊಡನೆ ನಮ್ಮಂತೆ ಉಚ್ಚರಿಸಿದರೆ ಸಂತೆಯಲ್ಲಿ ಯಾರಿಗೂ ತಿಳಿಯದು. ಖ್ಮೇರ್ ಎಂಬುದು ಖಾಸಿ, ಸಂತಾಲಿಗಳ ಬಳಗದ ಆಸ್ಟ್ರೋ-ಏಷ್ಯಾಟಿಕ್ ನುಡಿ. ಹಾಗಾಗಿ ಮೊದಲ ವರ್ಷ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡು.

ಶಾಸನ ಓದುವುದಕ್ಕೂ ಸಂಸ್ಕೃತವೊಂದೇ ಸಾಲದು. ಕಾಲ ನಮೂದಾಗಿರುವ ಅತಿ ಹಳೆಯ ಖ್ಮೇರ್ ಶಾಸನ ಅಂಗ್‌ಕೋರ್ ಬೊರೆಯದು, ಕ್ರಿ.ಶ. 611ರದು. ಕಾಂಬೋಡಿಯದ ಶಾಸನಗಳಲ್ಲಿ ದೇವರ, ಅರಸರ ಹೊಗಳಿಕೆ ಸಾಮಾನ್ಯವಾಗಿ ಸಂಸ್ಕೃತ ಶ್ಲೋಕಗಳಲ್ಲಿರುತ್ತದೆ. ಗದ್ದೆ, ಎಲ್ಲೆ, ದನ, ದುಡಿಯುವ ಆಳುಗಳ ಹೆಸರು ಖ್ಮೇರ್ ಗದ್ಯದಲ್ಲಿ. ನಮ್ಮ ಚಾಲುಕ್ಯರ ಶಾಸನಗಳಲ್ಲಿ ದಾನದ ವಿವರಕ್ಕೆ ಕನ್ನಡ ಬಂದ ಹಾಗೆ. ಬರೀ ಸಂಸ್ಕೃತ ಬಲ್ಲವರಿಗೆ ಅರಸರು ಸಿಗುತ್ತಾರೆ, ಊರು ಸಿಗುವುದಿಲ್ಲ.

ಮಾತಿನಲ್ಲಿ ಮರ್ಯಾದೆ ಮರೆಯಬೇಡ. ನಿನಗಿಂತ ಸ್ವಲ್ಪ ದೊಡ್ಡವರನ್ನು ಅಣ್ಣ-ಅಕ್ಕ ಎಂಬಂತೆ ‘ಬಾಂಗ್’ ಎನ್ನು. ಊಟ ಮಾಡುವುದಕ್ಕೇ ಭಿಕ್ಷುಗಳಿಗೊಂದು, ಅರಸರಿಗೊಂದು, ಗೌರವಸ್ಥರಿಗೊಂದು, ಗೆಳೆಯರಿಗೊಂದು ಕ್ರಿಯಾಪದವಿದೆ. ತಪ್ಪಿದರೆ ನಗುತ್ತಾರೆ, ತಿದ್ದುತ್ತಾರೆ, ಬೇಸರಪಡಬೇಡ.

ಇನ್ನೊಂದು ಎಚ್ಚರ. ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂಬುದು ಪಠ್ಯಪುಸ್ತಕದ ಸುಲಭ ಪ್ರಶ್ನೆ. ವಯಸ್ಸಾದವರನ್ನು ಅಭ್ಯಾಸಕ್ಕೆಂದು ಹಾಗೆ ಕೇಳಬೇಡ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನೀನು ಸೇರುತ್ತಿರುವ ವಿಶ್ವವಿದ್ಯಾಲಯವೇ ಮುಚ್ಚಿತ್ತು. ಓದಿದವರೆಂಬ ಕಾರಣಕ್ಕೇ ಅನೇಕರನ್ನು ಕೊಂದರು. ಹಿರಿಯರು ತಾವಾಗಿ ಹೇಳಿದರೆ ಕೇಳಿಸಿಕೋ, ಕೆದಕಬೇಡ. ಇಂದು ನಿನಗೆ ಪಾಠ ಹೇಳುವವರು ಇರುವುದು, ಉಳಿದ ಕೆಲವರು ಶಾಲೆ-ಕಾಲೇಜುಗಳನ್ನು ಮತ್ತೆ ಕಟ್ಟಿದ್ದರಿಂದ. ತರಗತಿ ತಪ್ಪಿಸುವ ಮನಸ್ಸಾದಾಗ ಇದನ್ನು ನೆನೆದುಕೋ.

ಹೋಗಿ ಬಾ ತಾಯಿ. ಮೊದಲು ಜನರ ಮಾತು ಕಲಿ. ಕಲ್ಲಿನ ಬರಹಕ್ಕೆ ಆಮೇಲೆ ಕೈ ಹಾಕು.