ಕುಲುಮೆಯೂ ತಾಳ್ಮೆಯೂ

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. ಊದುಕುಲುಮೆಗೆ ಬೇಕಾದ ಕೋಕ್ ತಯಾರಿಸಲು ತಕ್ಕ ಕಲ್ಲಿದ್ದಲು ಮಾತ್ರ ಸಮೀಪದಲ್ಲಿಲ್ಲ. ಹೊಸಪೇಟೆ-ಬಳ್ಳಾರಿ ಮಾರ್ಗದ ತೋರಣಗಲ್ಲಿನಲ್ಲಿ 1971ರಲ್ಲಿ ಸರ್ಕಾರದ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು; ಕಾರ್ಖಾನೆ ಏಳಲಿಲ್ಲ.

1994ರಲ್ಲಿ ಸ್ಥಾಪಿತವಾದ ಜಿಂದಾಲ್ ವಿಜಯನಗರ ಉಕ್ಕಿನ ಕಂಪನಿಯು ಅಲ್ಲಿ ‘ಕೊರೆಕ್ಸ್’ ಎಂಬ ಹೊಸ ವಿಧಾನವನ್ನು ಆರಿಸಿಕೊಂಡಿತು. ಇದರಲ್ಲಿ ಎರಡು ಪಾತ್ರೆಗಳುಂಟು. ಕೆಳಗಿನದರಲ್ಲಿ ಸಾಮಾನ್ಯ ಕಲ್ಲಿದ್ದಲು ಆಮ್ಲಜನಕದೊಡನೆ ಉರಿದು ಅನಿಲವಾಗುತ್ತದೆ. ಆ ಅನಿಲವು ಮೇಲಿನ ಪಾತ್ರೆಯ ಅದಿರಿನಿಂದ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಕಬ್ಬಿಣವು ಕೆಳಗಿಳಿದು ಕರಗುತ್ತದೆ. ಮಿಕ್ಕ ಅನಿಲದಿಂದ ವಿದ್ಯುತ್ತನ್ನು ಪಡೆಯಬಹುದು.

ಮೊದಲ ಘಟಕವು 1999ರಲ್ಲಿ ಆರಂಭವಾಯಿತು. ಕೋಕನ್ನು ಪೂರ್ಣವಾಗಿ ಬಿಡಬಹುದೆಂಬ ಆಶೆ ಮಾತ್ರ ಫಲಿಸಲಿಲ್ಲ. ಕಲ್ಲಿದ್ದಲು ಬಿಸಿಗೆ ಸಿಡಿದು ಪುಡಿಯಾದರೆ ಅನಿಲದ ದಾರಿ ಕಟ್ಟಿಕೊಳ್ಳುತ್ತದೆ. ಆದುದರಿಂದ ಸ್ವಲ್ಪ ಕೋಕನ್ನು ಬೆರೆಸಲೇಬೇಕಾಯಿತು. ಇದನ್ನು ಸೋಲೆಂದು ಬಗೆದು ಕುಲುಮೆಯನ್ನು ಆರಿಸಿದ್ದರೆ ಕಲಿತುದೂ ವ್ಯರ್ಥವಾಗುತ್ತಿತ್ತು. ಹಾಗೆ ಮಾಡದೆ 2001ರಲ್ಲಿ ಎರಡನೆಯ ಘಟಕವನ್ನೂ ಹೊತ್ತಿಸಿದರು. ಹಾಗೆಂದು ಹಟಕ್ಕೂ ಬೀಳಲಿಲ್ಲ. ಮುಂದೆ ಅಲ್ಲಿಯೇ ಊದುಕುಲುಮೆಗಳನ್ನೂ ಕಟ್ಟಿದರು.

ತಾಳ್ಮೆಯೆಂದರೆ ಸುಮ್ಮನೆ ಕಾಯುವುದಲ್ಲ. ಕೆಟ್ಟುದೇಕೆಂದು ಅಳೆದು, ಕಾರಣವನ್ನು ತಿಳಿದು, ಮತ್ತೆ ಪ್ರಯತ್ನಿಸುವುದು. ಪ್ರಯೋಗಶಾಲೆಯ ಈ ನಿಯಮವೇ ಉದ್ಯಮಕ್ಕೂ ಅನ್ವಯಿಸುತ್ತದೆ. ವ್ಯತ್ಯಾಸವಿಷ್ಟೆ: ಅಲ್ಲಿ ಒಡೆಯುವುದು ಗಾಜಿನ ನಳಿಗೆ, ಇಲ್ಲಿ ಕರಗುವುದು ಬಂಡವಾಳ.