ಕೇಳಿಸದ ‘ಪಿ’ ಕಲಿಸಿದ ಪಾಠಗಳು

ಖಾನಾಪುರದ ಕಡೆ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ 26 ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಮಕ್ಕಳು ಮತ್ತೆ ಮತ್ತೆ ಎಡವಿದ ಪದಗಳಲ್ಲಿ ‘ರಿಸೀಟ್’ ಒಂದು. ಆರ್, ಇ, ಸಿ, ಇ, ಐ, ಪಿ, ಟಿ: ಏಳು ಅಕ್ಷರಗಳಲ್ಲಿ ‘ಪಿ’ ಬಾಯಿಗೆ ಬರುವುದೇ ಇಲ್ಲ. ಈ ಒಂದು ಪದ ನನಗೆ ಕಲಿಸಿದ್ದನ್ನು ಹೊಸ ಶಿಕ್ಷಕರಿಗಾಗಿ ಬರೆದಿಡುತ್ತಿದ್ದೇನೆ.

1. ತಪ್ಪಿನ ಹಿಂದಿನ ಪ್ರಶ್ನೆ ಕೇಳಿಸಿಕೊಳ್ಳಿ.
ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಪಿ’ ಬಿಟ್ಟು ಬರೆದಳು. ಹತ್ತು ಸಲ ಬರೆಸಿದೆ. ಮರುವಾರ ಮತ್ತೆ ಬಿಟ್ಟಳು. “ಅದನ್ನ ಅನ್ನೂದ ಇಲ್ಲಂದ್ರ ಯಾಕ ಬರೀಬೇಕ್ರಿ ಸರ?” ಎಂದಳು. ಬಹುಮಟ್ಟಿಗೆ ನುಡಿದಂತೆಯೇ ಬರೆಯುವ ಕನ್ನಡದಲ್ಲಿ ಬೆಳೆದ ಮಗು ಹೀಗೆ ಕೇಳುವುದು ನ್ಯಾಯ. ನನ್ನ ಬಳಿ ಉತ್ತರವಿರಲಿಲ್ಲ. “ತಿಳಕೊಂಡು ಹೇಳ್ತೀನವ್ವಾ” ಎಂದು ನಿಘಂಟು ಹಿಡಿದು ಕೂತೆ.

2. ಪದದ ತವರು ಹುಡುಕಿ.
ಲ್ಯಾಟಿನ್‌ನಲ್ಲಿ ‘ರೆಕಿಪೆರೆ’ ಎಂದರೆ ಪಡೆದುಕೊಳ್ಳುವುದು, ‘ರೆಕೆಪ್ತಾ’ ಎಂದರೆ ಪಡೆದದ್ದು. ಫ್ರೆಂಚರ ಬಾಯಲ್ಲಿ ಸವೆದು ಅದರ ‘ಪ’ಕಾರ ಉದುರಿತು. ಇಂಗ್ಲೆಂಡಿಗೆ ಪದ ಬಂದದ್ದು ಆ ಸವೆದ ರೂಪದಲ್ಲೇ. ಆಮೇಲೆ ಲ್ಯಾಟಿನ್ ಬಲ್ಲವರು ಮೂಲ ಕಾಣಲೆಂದು ಬರಹದಲ್ಲಿ ‘ಪಿ’ ಸೇರಿಸಿದರು. ಜನರ ನಾಲಗೆ ಮಾತ್ರ ಹಳೆಯ ರೂಢಿ ಬಿಡಲಿಲ್ಲ.

3. ಬಳಗವನ್ನೂ ಕರೆತನ್ನಿ.
ಮದುವೆಯ ರಿಸೆಪ್ಷನ್ ಗೊತ್ತಿಲ್ಲದ ಮಕ್ಕಳಿಲ್ಲ. ಅದೂ ಇದೇ ಮನೆತನದ ಪದ, ಅಲ್ಲಿ ‘ಪಿ’ ಕಿವಿಗೆ ಬೀಳುತ್ತದೆ. “ರಿಸೆಪ್ಷನ್‌ನಲ್ಲಿ ಕೇಳಿದ ‘ಪಿ’ಯನ್ನು ರಿಸೀಟಿನಲ್ಲಿ ಬರೆಯಿರಿ” ಎಂದರೆ ಸಾಕು. ‘ರಿಸೀವ್’, ‘ಸೀಲಿಂಗ್’ ಜೊತೆಗಿಟ್ಟರೆ ‘ಸಿ’ಯ ನಂತರ ‘ಇ’ ಮೊದಲು, ‘ಐ’ ಆಮೇಲೆ ಎಂಬುದೂ ನೆನಪಿನಲ್ಲಿ ಕೂರುತ್ತದೆ.

4. ಇಲ್ಲದ ತರ್ಕ ಹೊಸೆಯಬೇಡಿ.
ಮೋಸ ಎಂಬರ್ಥದ ‘ಡಿಸೀಟ್’ ಕೂಡ ಇದೇ ಬಳಗದ್ದು. ಆದರೆ ಅದರಲ್ಲಿ ‘ಪಿ’ ಬರೆಯುವುದಿಲ್ಲ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲಿ ಇದೇ ಜೋಡಿಯನ್ನು ಹೆಸರಿಸಿ, ಬಹುಜನರ ರೂಢಿಗೆ ತಲೆಬಾಗಿ ಹೀಗೆ ಬರೆದಿದ್ದೇನೆ ಎಂದು ಒಪ್ಪಿಕೊಂಡರು. ರೂಢಿಯನ್ನು ರೂಢಿ ಎಂದೇ ಹೇಳಿದರೆ ಮಗು ನಂಬುತ್ತದೆ.

5. ಅರ್ಥವನ್ನು ಕೈಗೆ ಕೊಡಿ.
ಮನೆಯಿಂದ ಕರೆಂಟ್ ಬಿಲ್ಲು, ಅದನ್ನು ಕಟ್ಟಿದ ರಸೀದಿ ಎರಡನ್ನೂ ತರಿಸಿ. ಕೊಡಬೇಕಾದ ಹಣವನ್ನು ಬಿಲ್ಲು ಹೇಳುತ್ತದೆ, ಕೊಟ್ಟಾಯಿತೆಂದು ರಿಸೀಟು ಹೇಳುತ್ತದೆ. ಡಾಕ್ಟರ ಚೀಟಿಯನ್ನೂ ತೋರಿಸಿ. ಅದರ ಮೇಲೆ ಕಾಲಿಗೆ ಅಡ್ಡಗೆರೆ ಎಳೆದ ‘ಆರ್’ ಇರುತ್ತದಲ್ಲ, ಅದು ‘ರೆಕಿಪೆ’, ಅಂದರೆ ‘ತೆಗೆದುಕೋ’ ಎಂಬ ಲ್ಯಾಟಿನ್ ಮಾತಿನ ಗುರುತು. ಅಡುಗೆಯ ರೆಸಿಪಿಯೂ ಅದೇ ಪದ. 18ನೇ ಶತಮಾನದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಅಡುಗೆಯ ವಿಧಾನಕ್ಕೇ ‘ರಿಸೀಟ್’ ಎನ್ನುತ್ತಿದ್ದರು.

6. ಸದ್ದು ಕೇಳಿ ನೆಂಟಸ್ತನ ಕಟ್ಟಬೇಡಿ.
‘ರಸೀದಿ’ ರಿಸೀಟಿನಿಂದಲೇ ಬಂತೆಂದು ನಾನೂ ಬಹಳ ಕಾಲ ನಂಬಿದ್ದೆ. ಅದು ಪಾರಸಿಯ ‘ರಸೀದ್’, ತಲುಪಿತು ಎಂದರ್ಥ. ನಮ್ಮ ಗಡಿಯ ಮಕ್ಕಳಿಗೆ ಗೊತ್ತಿರುವ ಮರಾಠಿಯಲ್ಲಿ ರಸೀದಿಗೆ ‘ಪಾವತಿ’ ಎನ್ನುತ್ತಾರೆ. ಅಲ್ಲಿ ‘ಪಾವಣೆ’ ಎಂದರೂ ತಲುಪುವುದೇ. ಕನ್ನಡದಲ್ಲಿ ನಾವು ‘ರೊಕ್ಕ ಮುಟ್ಟಿತು’ ಎನ್ನುತ್ತೇವೆ. ಇಂಗ್ಲಿಷ್ ಪದ ಪಡೆದ ಕೈಯನ್ನು ನೆನೆಯುತ್ತದೆ, ನಮ್ಮ ಕಡೆಯ ಮಾತುಗಳು ಹಣ ಬಂದು ಸೇರಿದ್ದನ್ನು ನೆನೆಯುತ್ತವೆ. ಇದನ್ನು ಹೇಳಿದ ದಿನ ಇಡೀ ತರಗತಿ ಕಿವಿಯಾಗಿ ಕೂತಿತ್ತು.

7. ಕೊಟ್ಟ ಮಾತು ಮುಟ್ಟಿಸಿ.
ಆ ಹುಡುಗಿಗೆ ಉತ್ತರ ಹೇಳಲು ನನಗೆ ಒಂದು ವಾರ ಹಿಡಿಯಿತು. ಕೇಳಿದವಳು ಪಟ್ಟಿಯಲ್ಲಿ ಆ ಪದ ಬರೆದು, ‘ಪಿ’ಯ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, “ಇದು ತವರಿನ ಅಕ್ಷರ ಅಲ್ರೀ ಸರ?” ಎಂದಳು. ಮುಂದೆ ಅವಳು ಅದನ್ನು ಎಂದೂ ಬಿಡಲಿಲ್ಲ. ಯಾರಿಗೂ ಹತ್ತು ಸಲ ಬರೆಯುವ ಶಿಕ್ಷೆಯನ್ನು ನಾನೂ ಆಮೇಲೆ ಕೊಡಲಿಲ್ಲ.